ದಾಸವಾಳದ ಕಡ್ಡಿಗೆ ಸಗಣಿ ಟೊಪ್ಪಿ

ಮೊನ್ನೆ ಬೆಂಗಳೂರಿಗೆ ಮೊಮ್ಮಗಳ ಮನೆಗೆ ಹೋಗಿದ್ದೆ. ನರ್ಸರಿಯಿಂದ ಹಿಂದಿನ ದಿನ ತಂದ ದಾಸವಾಳದ ಹೂ ಕಿತ್ತು ಟೀಗೆ ಹಾಕಲು ಹೊರಟಿದ್ದಳು. ಕೈಯಿಂದ ಕಸಿದುಕೊಂಡೆ. ಮಾರುವ ಗಿಡಕ್ಕೆ ಏನು ಔಷಧಿ ಹೊಡೆದಿರುತ್ತಾರೋ ಏನೋ! ಹೊಸ ಚಿಗುರು ಬಂದು ಎರಡು ಮೂರು ತಿಂಗಳು ಕಳೆಯುವ ತನಕ ಆ ಹೂ ದೇವರಿಗೆ ಮಾತ್ರ.

ತಿನ್ನಲು ಐದೆಸಳಿನ ಕೆಂಪು ದಾಸವಾಳವೇ ಬೇಕು. ಅದಕ್ಕೆ ದುಡ್ಡು ಯಾಕೆ? ಪಕ್ಕದ ಮನೆ ಬೇಲಿಯಿಂದ ಒಂದು ಕಡ್ಡಿ ಕೇಳಿ ತನ್ನಿ. ಆದರೆ ನೆಡುವುದನ್ನಾದರೂ ಸರಿಯಾಗಿ ನೆಡಿ. ಸುಮ್ನೆ ಚುಚ್ಚಿ ಬಿಟ್ಟರೆ ಒಣಗದೆ ಇನ್ನೇನಾಗುತ್ತದೆ?

ಜೂನ್‌ನಲ್ಲಿ ಮೃಗಶಿರ ಮಳೆ ಹಿಡಿದಾಗ ಪೆನ್ಸಿಲ್ ದಪ್ಪದ ಕಡ್ಡಿ ಆರಿಸಿ. ತೀರಾ ಎಳೆಯದು ಕೊಳೆಯುತ್ತದೆ. ಒಂದು ಗೇಣು ಉದ್ದ ಸಾಕು. ಕೆಳಗಡೆ ಗಣ್ಣಿನ ಬುಡಕ್ಕೇ ಓರೆಯಾಗಿ, ಹರಿತವಾದ ಕತ್ತಿಯಲ್ಲಿ ಒಂದೇ ಏಟಿಗೆ ಕತ್ತರಿಸಿ. ಜಜ್ಜಿದರೆ ಬೇರು ಬಿಡುವುದಿಲ್ಲ. ತುದಿಯ ಎರಡು ಎಲೆ ಬಿಟ್ಟು ಉಳಿದದ್ದು ಕಿತ್ತುಹಾಕಿ. ಆ ಎರಡನ್ನೂ ಅರ್ಧ ಕತ್ತರಿಸಿ. ಇನ್ನು ನನ್ನತ್ತೆ ಕಲಿಸಿದ್ದು: ಹಸಿ ಸಗಣಿಗೆ ಚೂರು ಕೆಮ್ಮಣ್ಣು ಕಲಸಿ, ನೆಲ್ಲಿಕಾಯಿಯಷ್ಟು ಉಂಡೆ ಮಾಡಿ, ಕಡ್ಡಿಯ ಮೇಲ್ತುದಿಯ ಕತ್ತರಿಸಿದ ಗಾಯಕ್ಕೆ ಟೊಪ್ಪಿಯ ಹಾಗೆ ಒತ್ತಬೇಕು. ಒಳಗಿನ ಪಸೆ ಆರುವುದಿಲ್ಲ, ಮಳೆನೀರೂ ಇಳಿಯುವುದಿಲ್ಲ. ಕೈ ವಾಸನೆ ಬರುತ್ತದೆ ಅಂತ ಮೂಗು ಮುರಿಯಬೇಡಿ. ಸೋಪು ಇದೆ ಅಲ್ವಾ? ಎರಡು ಗಣ್ಣು ಮಣ್ಣಿನೊಳಗೆ ಹೋಗುವಂತೆ ನೆರಳಲ್ಲಿ ನೆಟ್ಟು, ಒಂದೂವರೆ ತಿಂಗಳು ಮರೆತುಬಿಡಿ. ಬೇರು ಬಂತಾ ಅಂತ ದಿನಾ ಎಳೆದು ನೋಡುವವರ ಕಡ್ಡಿ ಬದುಕಿದ್ದನ್ನು ನಾನು ಕಂಡಿಲ್ಲ!

ಆಮೇಲೆ ಬಿಸಿಲಿಗೆ ಇಡಿ. ಹೂ ಬಿಡುವುದು ಹೊಸ ಚಿಗುರಿನಲ್ಲಿ, ಅದಕ್ಕೆ ವರ್ಷಕ್ಕೊಮ್ಮೆ ಕೊಂಬೆ ಕತ್ತರಿಸಿ ಸವರಲೇಬೇಕು. ಬಿಳಿ ಹಿಟ್ಟಿನ ಹುಳ ಬಂದರೆ ಅಂಟುವಾಳದ ನೀರಲ್ಲಿ ತೊಳೆಯಿರಿ. ಇರುವೆ ಸಾಲು ಕಂಡರೆ ಹುಳ ಇದೆ ಅಂತಲೇ ಲೆಕ್ಕ.

ಪ್ಯಾಕೆಟ್ಟಿನ ದಾಸವಾಳದ ಟೀ ಹುಳಿ ಇರುತ್ತದೆ, ನಮ್ಮದು ಯಾಕಿಲ್ಲ ಅಂತ ಮೊಮ್ಮಗಳು ಕೇಳಿದಳು. ಅದು ಈ ಹೂವೇ ಅಲ್ಲ ಮಾರಾಯ್ತಿ. ಪುಂಡಿ ಪಲ್ಯದ ಜಾತಿಯ ಗಿಡದ ಹೂವಿನ ಬುಡದಲ್ಲಿರುವ ದಪ್ಪ ಕೆಂಪು ಹೊದಿಕೆ, ಹೂ ಬಾಡಿದ ಮೇಲೆ ಕೊಯ್ಯುವುದು. ನಮ್ಮದಕ್ಕೆ ನಿಂಬೆರಸ ಹಿಂಡಬೇಕು. ಕಪ್ಪಗೆ ನೇರಳೆಯಾಗಿದ್ದ ನೀರು ತಟ್ಟನೆ ಕೆಂಪಾಗುತ್ತದೆ.

ಹೂ ಒಂದೇ ದಿನದ್ದು, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಕೊಯ್ಯಿರಿ. ತೊಟ್ಟು, ಕೇಸರ ತೆಗೆದು ನೆರಳಲ್ಲಿ ಒಣಗಿಸಿ, ಬಿಸಿಲಿಗೆ ಬಣ್ಣ ಹೋಗುತ್ತದೆ. ನೀವು ಬಣ್ಣದ ಸೀರೆಯನ್ನೂ ಮಟಮಟ ಮಧ್ಯಾಹ್ನ ಹರವುತ್ತೀರಲ್ಲ, ಒಳಮೈ ಹೊರಗೆ ಮಾಡಿಯೂ ಇರುವುದಿಲ್ಲ. ಇರಲಿ. ಮಳೆಗಾಲದಲ್ಲಿ ಒಣಗಿಸುವ ಗೋಜೇ ಬೇಡ, ಬೂಸ್ಟು ಹಿಡಿಯುತ್ತದೆ. ಆಗ ಎಸಳನ್ನು ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿ ತಂಬುಳಿ ಮಾಡಿ. ಎಲೆಯನ್ನು ದೋಸೆಗೆ ರುಬ್ಬಿ. ದೋಸೆ ಮೆತ್ತಗೆ ಏಳುತ್ತದೆ.