ಬಿಳಿ ಕೋಟಿನೊಳಗಿನ ಪಿಸ್ತೂಲು: ನನ್ನ ಅನುಭವ

ಅಮೆರಿಕದ ಟೆಕ್ಸಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ, ಹಿಲ್‌ಕ್ರಾಫ್ಟ್ ರಸ್ತೆಯ ಭಾರತೀಯ ಅಂಗಡಿಗಳಿಂದ ಕಾರಿನಲ್ಲಿ ಹತ್ತು ನಿಮಿಷದ ದೂರದಲ್ಲಿ, ನಾನು ಒಂದು ಚಿಕ್ಕ ಫಾರ್ಮಸಿಯನ್ನು ನಡೆಸುತ್ತೇನೆ. 2018ರ ಜನವರಿಯ ಒಂದು ಸಂಜೆ, ಬಾಗಿಲು ಹಾಕಲು ಇನ್ನು ಕಾಲು ಗಂಟೆಯಿದ್ದಾಗ, ತಲೆಗೆ ಮುಸುಕು ಎಳೆದುಕೊಂಡ ಇಬ್ಬರು ಒಳಗೆ ಬಂದರು. ಒಬ್ಬ ಬಾಗಿಲಲ್ಲೇ ನಿಂತ. ಇನ್ನೊಬ್ಬ ಕೌಂಟರಿನ ಮೇಲೆ ಎಡಗೈ ಊರಿ ನಮ್ಮ ಕಡೆಗೆ ಹಾರಿದ. ಬಲಗೈಯಲ್ಲಿ ಪಿಸ್ತೂಲಿತ್ತು. ಹೈಡ್ರೊಕೊಡೋನ್ ಎಂಬ ನೋವಿನ ಮಾತ್ರೆಗಳು ಬೇಕು, ಪ್ರೊಮೆಥಜೀನ್ ಮತ್ತು ಕೊಡೀನ್ ಇರುವ ಕೆಮ್ಮಿನ ಸಿರಪ್ಪು ಬೇಕು ಎಂದು, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿಗೂ ಬಾರದಷ್ಟು ಸ್ಪಷ್ಟ ಉಚ್ಚಾರಣೆಯಲ್ಲಿ ಕೇಳಿದ. ಆ ಸಿರಪ್ಪನ್ನು ಸೋಡಾಕ್ಕೆ ಬೆರೆಸಿ ಕುಡಿಯುವ ಚಟ ಈ ಊರಿನಲ್ಲಿ ಬಹಳ ಹಳೆಯದು, ಆದ್ದರಿಂದ ಬೇಡಿಕೆ ನನಗೆ ಹೊಸದಾಗಿ ಕೇಳಿಸಲಿಲ್ಲ. ನಾನು ಬೀಗ ತೆಗೆದು, ಕೇಳಿದ್ದನ್ನೆಲ್ಲ ಅವನ ಚೀಲಕ್ಕೆ ಹಾಕಿದೆ. ನನ್ನ ಸಹಾಯಕಿ ಮಾತ್ರೆ ಎಣಿಸುವ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಒಂದು ಮಾತ್ರೆಯೂ ಚೆಲ್ಲದಂತೆ ನಿಂತೇ ಇದ್ದಳು.

ಈ ಕಥೆ ಕೇಳಿದವರೆಲ್ಲ, ನಾನು ಮುಂದೆ ಪಿಸ್ತೂಲು ಧರಿಸಲು ನಿರ್ಧರಿಸಿದ್ದಕ್ಕೆ ಇದೇ ಕಾರಣವೆಂದು ಭಾವಿಸುತ್ತಾರೆ. ಅದು ಸರಿಯಲ್ಲ. ಅಂದು ನನ್ನ ಸೊಂಟದಲ್ಲಿ ಪಿಸ್ತೂಲು ಇದ್ದಿದ್ದರೂ ನಾನು ಅದನ್ನು ಮುಟ್ಟುತ್ತಿರಲಿಲ್ಲ, ಮುಟ್ಟಿದ್ದರೆ ಇದನ್ನು ಬರೆಯಲು ನಾನು ಉಳಿಯುತ್ತಿದ್ದೆನೋ ಇಲ್ಲವೋ. ಅವನ ಪಿಸ್ತೂಲಿನ ಬಾಯಿ ನನ್ನಿಂದ ಒಂದು ಮೊಳ ದೂರದಲ್ಲಿತ್ತು, ಪಕ್ಕದಲ್ಲಿ ಇಪ್ಪತ್ತೆರಡು ವರ್ಷದ ಹುಡುಗಿಯಿದ್ದಳು, ಮತ್ತು ಹೋದದ್ದು ಔಷಧಿ. ಔಷಧಿಗೆ ವಿಮೆಯಿದೆ. ನಿಯಂತ್ರಿತ ಔಷಧ ಕಳವಾದರೆ ಕೇಂದ್ರ ಸರ್ಕಾರದ ಮಾದಕವಸ್ತು ನಿಯಂತ್ರಣ ಸಂಸ್ಥೆಯಾದ ಡಿಇಎಗೆ ತುಂಬಿ ಕಳಿಸಬೇಕಾದ 106ನೇ ನಮೂನೆಯಿದೆ. ಅದನ್ನು ತುಂಬಿ ಕಳಿಸಿದೆ.

ನನ್ನನ್ನು ಕಾಡಿದ್ದು ಅವನು ಹೊರಡುವಾಗ ಮಾಡಿದ ಒಂದು ಸಣ್ಣ ಕೆಲಸ. ಫಾರ್ಮಸಿಸ್ಟಳ ಲೈಸೆನ್ಸನ್ನು ಎಲ್ಲರಿಗೂ ಕಾಣುವಂತೆ ಗೋಡೆಗೆ ತೂಗುಹಾಕಬೇಕು, ನನ್ನದೂ ಕಟ್ಟು ಹಾಕಿಸಿಕೊಂಡು ಅಲ್ಲೇ ಇತ್ತು. ಅವನು ಚೀಲವನ್ನು ಹೆಗಲಿಗೇರಿಸಿ ಆ ಕಟ್ಟಿನ ಮುಂದೆ ನಿಂತು, ನನ್ನ ಹೆಸರನ್ನೂ ನಮ್ಮ ಮನೆತನದ ಹೆಸರನ್ನೂ, ಮಗು ಕಾಗುಣಿತ ಓದುವಂತೆ, ಬಿಡಿಸಿ ಬಿಡಿಸಿ ಓದಿದ. ಓದಿ ನನ್ನ ಕಡೆ ನೋಡಿದ. ಬೆದರಿಕೆಯ ಮಾತೇನೂ ಆಡಲಿಲ್ಲ.

ಅದರ ಅರ್ಥ ನನಗೆ ಹೊಳೆದದ್ದು ರಾತ್ರಿ ಎರಡು ಗಂಟೆಗೆ. ಟೆಕ್ಸಸ್‌ನಲ್ಲಿ ಮನೆ ಮತ್ತು ನಿವೇಶನಗಳ ತೆರಿಗೆ ದಾಖಲೆಗಳು ಸಾರ್ವಜನಿಕ. ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ಆಸ್ತಿ ಮೌಲ್ಯಮಾಪನ ಕಚೇರಿಯ ಜಾಲತಾಣದಲ್ಲಿ ಮಾಲೀಕರ ಹೆಸರು ಹಾಕಿದರೆ ವಿಳಾಸ ಬರುತ್ತದೆ. ಸ್ಮಿತ್ ಎಂದು ಹುಡುಕಿದರೆ ಪುಟಗಟ್ಟಲೆ ಸಿಗುತ್ತವೆ. ಮಲೆನಾಡಿನ ಒಂದು ಹಳ್ಳಿಯ ಹೆಸರನ್ನು ಹೊತ್ತ ನಮ್ಮ ಮನೆತನದ ಹೆಸರನ್ನು ಹಾಕಿದಾಗ ಇಡೀ ಕೌಂಟಿಯಲ್ಲಿ ಒಂದೇ ಒಂದು ಮನೆ ಬಂತು. ಪೊಲೀಸರು, ನ್ಯಾಯಾಧೀಶರು ಮುಂತಾದ ಕೆಲವರು ತಮ್ಮ ವಿಳಾಸವನ್ನು ಆ ದಾಖಲೆಯಿಂದ ಮರೆಮಾಡಿಸಿಕೊಳ್ಳಬಹುದು. ಆ ಪಟ್ಟಿಯಲ್ಲಿ ಔಷಧಿ ಮಾರುವವರಿಲ್ಲ. ಅಂಗಡಿಯ ಹಿಂಬಾಗಿಲಿನಿಂದ ಕಾರಿನವರೆಗೆ ನಲವತ್ತಮೂರು ಹೆಜ್ಜೆ, ಅಲ್ಲಿಂದ ಮನೆಗೆ ಮೂವತ್ತೈದು ನಿಮಿಷ, ಮನೆಯಲ್ಲಿ ಹನ್ನೊಂದು ವರ್ಷದ ಮಗ. ನನಗೆ ಭಯವಾದದ್ದು ಅಂಗಡಿಯ ಬಗ್ಗೆ ಅಲ್ಲ, ಈ ದಾರಿಯ ಬಗ್ಗೆ.

ಬಂದೂಕು ನನಗೆ ಅಪರಿಚಿತ ವಸ್ತುವಾಗಿರಲಿಲ್ಲ. ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಮನೆ ನಮ್ಮದು. ಬೆಳೆ ರಕ್ಷಣೆಯ ಲೈಸೆನ್ಸಿನ ಮೇಲೆ ಅಪ್ಪನ ಹೆಸರಿನಲ್ಲಿ ಒಂಟಿ ನಳಿಗೆಯ ತೋಟಾ ಕೋವಿಯೊಂದಿದೆ. ಹಂದಿ ಬಂದ ರಾತ್ರಿ ಗಾಳಿಯಲ್ಲಿ ಒಂದು ಈಡು ಹಾರಿಸುವುದಕ್ಕಿಂತ ಹೆಚ್ಚಿನ ಕೆಲಸ ಅದಕ್ಕೆ ಬಿದ್ದದ್ದನ್ನು ನಾನು ನೋಡಿಲ್ಲ. ಆದರೆ ಕೋವಿಯನ್ನು ಮಡಚಿ ನಳಿಗೆ ಖಾಲಿಯಿದೆಯೆಂದು ಕಣ್ಣಾರೆ ಕಾಣುವ ತನಕ ಅದನ್ನು ಯಾರೂ ಗೋಡೆಯಿಂದ ಇಳಿಸಿ ಇನ್ನೊಬ್ಬರ ಕೈಗೆ ಕೊಡುವಂತಿರಲಿಲ್ಲ. ಮುಂದೆ ಇಲ್ಲಿನ ಪಿಸ್ತೂಲು ಲೈಸೆನ್ಸಿನ ತರಗತಿಯಲ್ಲಿ ಜೆಫ್ ಕೂಪರ್ ಎಂಬ ಬಂದೂಕು ತರಬೇತುದಾರನ ನಾಲ್ಕು ನಿಯಮಗಳನ್ನು ಹೇಳಿಕೊಟ್ಟಾಗ, ಪ್ರತಿ ಬಂದೂಕನ್ನೂ ಗುಂಡು ತುಂಬಿದ್ದೆಂದೇ ತಿಳಿಯಬೇಕೆಂಬ ಮೊದಲನೆಯದು ನನಗೆ ಅಪ್ಪನ ದನಿಯಲ್ಲೇ ಕೇಳಿಸಿತು.

ಗಂಡನಿಗೆ ಒಪ್ಪಿಗೆಯಿರಲಿಲ್ಲ. ಅವರ ವಾದ ಸರಳವಾಗಿತ್ತು ಮತ್ತು ಬಲವಾಗಿತ್ತು: ಈ ದೇಶದಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆತ್ಮಹತ್ಯೆ ಮಾಡಿಕೊಂಡವರು, ಅಂದರೆ ಮನೆಗೆ ಬಂದೂಕು ತಂದರೆ ಅದರಿಂದ ಅಪಾಯ ಮೊದಲು ಮನೆಯವರಿಗೇ. ಇದನ್ನು ನಾನು ಅಲ್ಲಗಳೆಯಲಾರೆ. ಖಿನ್ನತೆಯ ಮಾತ್ರೆಗಳನ್ನು ದಿನವೂ ಎಣಿಸಿ ಕೊಡುವ ನನಗೆ, ಯಾವ ಮನೆಯೂ ಅದರಿಂದ ಹೊರತಲ್ಲವೆಂಬುದು ಅವರಿಗಿಂತ ಚೆನ್ನಾಗಿ ಗೊತ್ತು. ಎರಡು ತಿಂಗಳು ನಾವು ಈ ಮಾತನ್ನು ಎತ್ತುತ್ತಲೂ ಬಿಡುತ್ತಲೂ ಇದ್ದೆವು. ಕೊನೆಗೆ ಒಂದು ಕರಾರಿಗೆ ಬಂದೆವು: ಪಿಸ್ತೂಲು ಒಂದೋ ನನ್ನ ಮೈಮೇಲಿರಬೇಕು, ಇಲ್ಲವೇ ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ ಉಕ್ಕಿನ ಪೆಟ್ಟಿಗೆಯಲ್ಲಿರಬೇಕು. ಕಾರಿನ ಡ್ರಾಯರು, ದಿಂಬಿನ ಅಡಿ, ಕೈಚೀಲ, ಅಡುಗೆಮನೆಯ ಮೇಲಿನ ಅಟ್ಟ ಎಂಬ ಮೂರನೆಯ ಜಾಗವೇ ಇರಕೂಡದು. ಹದಿನೇಳರೊಳಗಿನ ಮಕ್ಕಳ ಕೈಗೆ ಗುಂಡು ತುಂಬಿದ ಬಂದೂಕು ಸಿಗುವಂತೆ ಅಜಾಗರೂಕತೆಯಿಂದ ಬಿಡುವುದು ಟೆಕ್ಸಸ್ ಕಾನೂನಿನಲ್ಲೇ ಅಪರಾಧ. ನಮ್ಮ ಕರಾರು ಕಾನೂನಿಗಿಂತ ಬಿಗಿಯಾಗಿತ್ತು.

ಪಿಸ್ತೂಲು ಧರಿಸುವ ಲೈಸೆನ್ಸಿನ ವಿಧಾನ ನಾನು ಊಹಿಸಿದ್ದಕ್ಕಿಂತ ಸುಲಭವಾಗಿತ್ತು. ಅಪ್ಪ ತಮ್ಮ ಕೋವಿಯ ನವೀಕರಣಕ್ಕೆ ತಿರುಗಿದ ಕಚೇರಿಗಳನ್ನು ನೆನೆದರೆ ನಾಚಿಕೆಯಾಗುವಷ್ಟು ಸುಲಭ. ಗ್ರೀನ್ ಕಾರ್ಡ್ ಇದ್ದುದರಿಂದ ನನಗೆ ಅಡ್ಡಿಯಿರಲಿಲ್ಲ. ಎಚ್‌-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು, ಬೇಟೆಯ ಲೈಸೆನ್ಸ್ ಮುಂತಾದ ಕೆಲವು ಕಿರಿದಾದ ವಿನಾಯಿತಿಗಳನ್ನು ಬಿಟ್ಟರೆ, ಇಲ್ಲಿ ಬಂದೂಕು ಇಟ್ಟುಕೊಳ್ಳುವುದೇ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಇದು ತಿಳಿಯದೆ ಸ್ನೇಹಿತರ ಪಿಸ್ತೂಲನ್ನು ಹಿಡಿದು ಫೋಟೊ ತೆಗೆಸಿಕೊಳ್ಳುವ ನಮ್ಮ ಹುಡುಗರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ನಾನು ರಾಜ್ಯದ ಸಾರ್ವಜನಿಕ ಸುರಕ್ಷತಾ ಇಲಾಖೆಗೆ ಅರ್ಜಿ ಹಾಕಿ, ನಲವತ್ತು ಡಾಲರ್ ಕಟ್ಟಿ, ಬೆರಳಚ್ಚು ಕೊಟ್ಟು, ಒಂದು ಶನಿವಾರ ತರಗತಿಗೆ ಹೋದೆ.

ತರಗತಿಯ ದೊಡ್ಡ ಪಾಲು ಹೋದದ್ದು ಯಾವಾಗ ಗುಂಡು ಹಾರಿಸಬಾರದು ಎಂಬುದಕ್ಕೆ. ಟೆಕ್ಸಸ್ ದಂಡ ಸಂಹಿತೆಯ 9ನೇ ಅಧ್ಯಾಯ ಪ್ರಾಣರಕ್ಷಣೆಗೆ ಮಾತ್ರವಲ್ಲದೆ, ಕೆಲವು ಷರತ್ತುಗಳೊಳಗೆ, ರಾತ್ರಿಯ ಹೊತ್ತಿನ ಕಳ್ಳತನದಿಂದ ಆಸ್ತಿಯನ್ನು ಉಳಿಸಿಕೊಳ್ಳಲಿಕ್ಕೂ ಮಾರಕ ಬಲವನ್ನು ಬಳಸಲು ಬಿಡುತ್ತದೆ. ಮುಂದಿನ ಸಾಲಿನ ಇಬ್ಬರು ಇದನ್ನು ಕೇಳಿ ತಲೆದೂಗಿದರು. ನಾನು ಟಿಪ್ಪಣಿ ಪುಸ್ತಕದಲ್ಲಿ ಆ ವಾಕ್ಯವನ್ನು ಬರೆದುಕೊಂಡು, ಅದರ ಮೇಲೊಂದು ಗೆರೆ ಎಳೆದೆ. ಕಾನೂನು ಬಿಟ್ಟರೂ ನಾನು ಸಿರಪ್ಪಿನ ಬಾಟಲಿಗಾಗಿ ಯಾರನ್ನೂ ಕೊಲ್ಲುವವಳಲ್ಲ ಎಂಬುದು ಅಷ್ಟರಲ್ಲೇ ತೀರ್ಮಾನವಾಗಿತ್ತು. ಮಧ್ಯಾಹ್ನ ಗುರಿ ಪರೀಕ್ಷೆ: ಮೂರು ಗಜದಿಂದ 20, ಏಳು ಗಜದಿಂದ 20, ಹದಿನೈದು ಗಜದಿಂದ 10, ಒಟ್ಟು 50 ಗುಂಡುಗಳು, 250ಕ್ಕೆ 175 ಬಂದರೆ ಪಾಸು. ನನಗೆ 231 ಬಂತು. ಹಿಗ್ಗಲಿಲ್ಲ. ಕಾಗದದ ಆಕೃತಿ ಅಲ್ಲಾಡುವುದಿಲ್ಲ, ಬೈಯುವುದಿಲ್ಲ. ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಅಧಿಕಾರಿ ಡೆನಿಸ್ ಟ್ಯೂಲರ್ 1983ರಲ್ಲಿ ಬರೆದ ಲೆಕ್ಕವನ್ನು ಶಿಕ್ಷಕರು ಆ ದಿನವೇ ಹೇಳಿದರು: ಚಾಕು ಹಿಡಿದ ಆರೋಗ್ಯವಂತ ಮನುಷ್ಯ ಇಪ್ಪತ್ತೊಂದು ಅಡಿಯನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟುತ್ತಾನೆ. ನನ್ನ ಮೊದಲ ಪ್ರಯತ್ನದಲ್ಲಿ ಕೋಟು ಸರಿಸಿ ಪಿಸ್ತೂಲು ಹೊರತೆಗೆಯಲು ನಾಲ್ಕು ಸೆಕೆಂಡಿಗೂ ಹೆಚ್ಚು ಹಿಡಿದಿತ್ತು.

ಪಿಸ್ತೂಲನ್ನು ಆರಿಸುವಾಗ ಅಂಗಡಿಯವರು ಹೆಂಗಸೆಂದು ಕಂಡೊಡನೆ ಐದು ಗುಂಡಿನ ಪುಟ್ಟ ರಿವಾಲ್ವರನ್ನು ಮುಂದಿಟ್ಟರು. ಅದು ಹಗುರ, ಆದರೆ ಕುದುರೆ (ಟ್ರಿಗರ್) ಎಳೆಯಲು ಗಟ್ಟಿ, ಒದೆತವೂ ಜೋರು. ಅರೆಸ್ವಯಂಚಾಲಿತ ಪಿಸ್ತೂಲುಗಳ ಮೇಲಿನ ಸ್ಲೈಡನ್ನು ಹಿಂದಕ್ಕೆಳೆಯುವುದು, ದಿನಕ್ಕೆ ನೂರಾರು ಬಾಟಲಿಯ ಮುಚ್ಚಳ ತಿರುಗಿಸಿ ಸವೆದ ನನ್ನ ಮಣಿಕಟ್ಟಿಗೆ ಕಷ್ಟವಾಗಿತ್ತು. ಆ ವರ್ಷವೇ ಮಾರುಕಟ್ಟೆಗೆ ಬಂದಿದ್ದ ಸ್ಮಿತ್ ಆ್ಯಂಡ್ ವೆಸನ್ ಶೀಲ್ಡ್ ಈಝಿ ಎಂಬುದರ ಸ್ಲೈಡ್ ಸಲೀಸಾಗಿ ಬರುತ್ತಿತ್ತು. ಮ್ಯಾಗಜೀನಿನಲ್ಲಿ ಎಂಟು ಗುಂಡು, ಹಿಡಿಯನ್ನು ಸರಿಯಾಗಿ ಒತ್ತಿ ಹಿಡಿಯದ ಹೊರತು ಸಿಡಿಯುವುದಿಲ್ಲ. ಅದನ್ನೇ ಕೊಂಡೆ.

2016ರಿಂದ ಟೆಕ್ಸಸ್‌ನಲ್ಲಿ ಲೈಸೆನ್ಸಿದ್ದವರು ಪಿಸ್ತೂಲನ್ನು ಎಲ್ಲರಿಗೂ ಕಾಣುವಂತೆ ಸೊಂಟಕ್ಕೆ ಕಟ್ಟಿಕೊಳ್ಳಬಹುದಾಗಿತ್ತು. ಆದರೆ ಸಕ್ಕರೆ ಕಾಯಿಲೆಯ ಮಾತ್ರೆಗೆ ಬರುವ ಅಜ್ಜಿಯರ ಮುಂದೆ ಹಾಗೆ ನಿಲ್ಲುವುದನ್ನು ನಾನು ಕಲ್ಪಿಸಿಕೊಳ್ಳಲಾರೆ. ಅಡಗಿಸಿಡುವುದೆಂದರೆ ಹೇಗೆ ಎಂಬುದನ್ನು ಯಾರೂ ಹೆಂಗಸರ ಬಟ್ಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿಲ್ಲವೆಂದು ಕಾಣುತ್ತದೆ. ಕೈಚೀಲದಲ್ಲಿ ಬೇಡವೆಂದು ಶಿಕ್ಷಕರು ಖಡಾಖಂಡಿತವಾಗಿ ಹೇಳಿದ್ದರು. ಚೀಲವನ್ನೇ ಕಿತ್ತುಕೊಂಡರೆ ಎಲ್ಲವೂ ಹೋಯಿತು. ಚೂಡಿದಾರದ ಲಾಡಿ ಅರ್ಧ ಕಿಲೋಗೂ ಮೀರಿದ ಭಾರವನ್ನು ತಾಳದು. ಗಟ್ಟಿಯಾದ ಚರ್ಮದ ಬೆಲ್ಟು, ಕುದುರೆಯನ್ನು ಪೂರ್ತಿ ಮುಚ್ಚುವ ಗಡಸು ಪ್ಲಾಸ್ಟಿಕ್ಕಿನ ಹೋಲ್ಸ್ಟರು (ಪಿಸ್ತೂಲಿನ ಒರೆ), ಬಲ ಪಕ್ಕೆಯ ಕೆಳಗೆ ಪ್ಯಾಂಟಿನ ಒಳಗೆ, ಮೇಲೆ ಉದ್ದನೆಯ ಕುರ್ತಾ, ಅದರ ಮೇಲೆ ಬಿಳಿ ಕೋಟು: ಮೂರು ಹೋಲ್ಸ್ಟರುಗಳನ್ನು ಕೊಂಡು ಎರಡನ್ನು ಬಿಸಾಡಿದ ಮೇಲೆ ನಾನು ಈ ವ್ಯವಸ್ಥೆಗೆ ಬಂದೆ. ಕೆಳಗಿನ ಕಪಾಟಿಗೆ ಬಗ್ಗಿದರೆ ಹಿಡಿಯ ಆಕಾರ ಬಟ್ಟೆಯ ಮೇಲೆ ಮೂಡುತ್ತದೆ, ಆದ್ದರಿಂದ ಈಗಲೂ ಬಗ್ಗುವುದಿಲ್ಲ, ಕುಕ್ಕರಗಾಲಿನಲ್ಲಿ ಕೂರುತ್ತೇನೆ. ಮಗ ಮಲಗಿದ ಮೇಲೆ, ಗುಂಡುಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು, ಖಾಲಿ ಪಿಸ್ತೂಲಿನೊಂದಿಗೆ ಗ್ಯಾರೇಜಿನ ಇಟ್ಟಿಗೆ ಗೋಡೆಯೆದುರು ದಿನಕ್ಕೆ ಇಪ್ಪತ್ತು ಸಲ ಕೋಟು ಸರಿಸಿ ಹೊರತೆಗೆಯುವುದನ್ನು ಅಭ್ಯಾಸ ಮಾಡಿದೆ. ಆರು ತಿಂಗಳಿಗೆ ನಾಲ್ಕು ಸೆಕೆಂಡು ಎರಡಕ್ಕೆ ಇಳಿಯಿತು. ಕೋಟಿನ ಬಲಗಡೆಯ ಜೇಬಿನಲ್ಲಿ ಒಂದು ಹಿಡಿ ಚಿಲ್ಲರೆ ನಾಣ್ಯಗಳನ್ನು ಹಾಕಿಕೊಂಡರೆ ಅದರ ಅಂಚು ಬೀಸಿದಾಗ ದೂರ ಸರಿಯುತ್ತದೆ ಎಂಬುದು ನಾನೇ ಕಂಡುಕೊಂಡ ಉಪಾಯ.

ದಿನಚರಿಯಲ್ಲಿ ಬದಲಾದದ್ದು ಬಹಳ. ಬಾಗಿಲಲ್ಲಿ ಪಿಸ್ತೂಲಿಗೆ ಪ್ರವೇಶವಿಲ್ಲವೆಂದು ಕಾನೂನು ಹೇಳಿದ ಮಾತುಗಳಲ್ಲೇ, ಇಂಗ್ಲಿಷಿನಲ್ಲೂ ಸ್ಪ್ಯಾನಿಷಿನಲ್ಲೂ, ಇಂಚೆತ್ತರದ ಅಕ್ಷರಗಳಲ್ಲಿ ಬರೆದ ಫಲಕವಿದ್ದರೆ ಒಳಗೆ ಹೋಗುವಂತಿಲ್ಲ. ಇಲ್ಲಿ ಅದನ್ನು ದಂಡ ಸಂಹಿತೆಯ ಕಲಮಿನ ಸಂಖ್ಯೆಯಿಂದ ಮೂವತ್ತು-ಸೊನ್ನೆಆರು ಎಂದೇ ಕರೆಯುತ್ತಾರೆ. ಕೋರ್ಟಿಗಿಲ್ಲ, ಮಗನ ಶಾಲೆಯ ಕಟ್ಟಡದೊಳಗಿಲ್ಲ, ಅಂಚೆ ಕಚೇರಿಗೆ ಪಾರ್ಸೆಲ್ ಹಾಕಲು ಹೋದರೆ ಅದರ ವಾಹನ ನಿಲ್ದಾಣಕ್ಕೂ ಇಲ್ಲ. ದೇವಸ್ಥಾನಕ್ಕೆ ಒಯ್ಯಲು ನನಗೇ ಮನಸ್ಸು ಬರುವುದಿಲ್ಲ. ಮದುವೆಯ ಊಟದಲ್ಲಿ ಒಂದು ಲೋಟ ವೈನ್ ಕುಡಿಯುವ ಯೋಚನೆಯಿದ್ದರೆ ಅಂದು ಪಿಸ್ತೂಲು ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ನಾನು ಜಗಳವಾಡುವ ಹಕ್ಕನ್ನು ಕಳೆದುಕೊಂಡೆ. ಸೌತ್‌ವೆಸ್ಟ್ ಫ್ರೀವೇಯಲ್ಲಿ ಯಾರಾದರೂ ಅಡ್ಡ ನುಗ್ಗಿದರೆ ಹಾರನ್ ಒತ್ತಿ ಕನ್ನಡದಲ್ಲಿ ಬೈಯುವುದು ನನ್ನ ಹಳೆಯ ಚಾಳಿ. ಈಗ ಪಕ್ಕಕ್ಕೆ ಸರಿದು ದಾರಿ ಬಿಡುತ್ತೇನೆ, ಏಕೆಂದರೆ ನಾನೇ ಹೊತ್ತಿಸಿದ ಜಗಳದಲ್ಲಿ ಪಿಸ್ತೂಲು ಹೊರಬಂದರೆ ಆತ್ಮರಕ್ಷಣೆ ಎಂಬ ಮಾತು ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ.

2021ರ ಸೆಪ್ಟೆಂಬರ್ 1ರಿಂದ ಟೆಕ್ಸಸ್‌ನಲ್ಲಿ ಇಪ್ಪತ್ತೊಂದು ತುಂಬಿದ ಬಹುತೇಕರಿಗೆ ಲೈಸೆನ್ಸೇ ಬೇಕಿಲ್ಲವೆಂಬ ಕಾನೂನು ಜಾರಿಯಾಯಿತು. ತರಗತಿಯೂ ಬೇಡ, ಗುರಿ ಪರೀಕ್ಷೆಯೂ ಬೇಡ. ಇದು ನನಗೆ ಒಪ್ಪಿಗೆಯಾದ ಕಾನೂನಲ್ಲ. ನಾಲ್ಕು ಸೆಕೆಂಡಿನ ಆ ಮೊದಲ ದಿನದ ನನ್ನಂಥವರ ಸೊಂಟಕ್ಕೆ ಪಿಸ್ತೂಲು ಕಟ್ಟಿ ರಸ್ತೆಗೆ ಬಿಡುವುದರಿಂದ ಯಾರಿಗೆ ಉಪಕಾರವೋ ತಿಳಿಯದು. 2022ರಲ್ಲಿ ನನ್ನ ಲೈಸೆನ್ಸಿನ ಅವಧಿ ಮುಗಿದಾಗ ನಾನು ನವೀಕರಿಸಿಕೊಂಡೆ. ಶಾಲೆಗಳ ಸುತ್ತ ಸಾವಿರ ಅಡಿಯೊಳಗಿನ ಕೇಂದ್ರ ಕಾನೂನಿನ ನಿಷೇಧದಿಂದ ರಾಜ್ಯದ ಲೈಸೆನ್ಸ್ ಪಡೆದವರಿಗೆ ವಿನಾಯಿತಿಯಿದೆ, ಮತ್ತು ಮಗನನ್ನು ಬಿಟ್ಟುಬರುವ ದಾರಿ ದಿನವೂ ಆ ಸಾವಿರ ಅಡಿಯೊಳಗೇ ಹಾದುಹೋಗುತ್ತದೆ.

ಆ ಇಬ್ಬರಲ್ಲಿ ಯಾರೂ ನಮ್ಮ ಮನೆಯ ಕಡೆಗೆ ಬಂದಿಲ್ಲ. ಪಿಸ್ತೂಲನ್ನು ಇಷ್ಟು ವರ್ಷಗಳಲ್ಲಿ ಅಭ್ಯಾಸದ ಅಂಕಣದ ಹೊರಗೆ ಒಮ್ಮೆಯೂ ಹೊರತೆಗೆದಿಲ್ಲ. ಗೋಡೆಯ ಮೇಲಿನ ಕಟ್ಟು ಅಲ್ಲೇ ಇದೆ. ಅದರ ಕೆಳಗೆ ಎತ್ತರದ ಗಿಡವೊಂದನ್ನು ಇಟ್ಟಿದ್ದೇನೆ, ಅದರ ಎಲೆಗಳು ಮನೆತನದ ಹೆಸರಿನ ಅರ್ಧದವರೆಗೆ ಬಂದಿವೆ.

2024ರ ಏಪ್ರಿಲ್ ಕೊನೆಯಲ್ಲಿ ಊರಿಗೆ ಹೋಗಿದ್ದೆ. ಮೊದಲ ರಾತ್ರಿ ನಾಯಿ ಬೊಗಳಿದಾಗ ನನ್ನ ಬಲಗೈ ತಾನಾಗಿ ಪಕ್ಕೆಗೆ ಹೋಯಿತು. ಅಲ್ಲಿ ಸೀರೆಯ ನೆರಿಗೆಯಷ್ಟೇ ಇತ್ತು. ಬೆಳಗ್ಗೆ ಗೋಡೆಯ ಮೇಲೆ ಅಪ್ಪನ ಕೋವಿಯೂ ಕಾಣಲಿಲ್ಲ. ಮೇ 7ಕ್ಕೆ ಶಿವಮೊಗ್ಗ ಕ್ಷೇತ್ರದಲ್ಲಿ ಲೋಕಸಭೆಯ ಮತದಾನವಿತ್ತು, ಪ್ರತಿ ಚುನಾವಣೆಯಲ್ಲೂ ಮಾಡುವಂತೆ ಅದನ್ನು ಠಾಣೆಗೆ ಒಪ್ಪಿಸಿ ಬಂದಿದ್ದರು. ಕಪಾಟಿನಿಂದ ರಸೀದಿ ತೆಗೆದು ತೋರಿಸಿದರು. ಅಷ್ಟು ಹೊತ್ತಿಗೆ ಮಂಗಗಳು ತೋಟಕ್ಕಿಳಿದಿದ್ದವು. ಅಪ್ಪ ರಸೀದಿಯನ್ನು ನನ್ನ ಕೈಯಲ್ಲೇ ಬಿಟ್ಟು, ಬೆಂಕಿಪೊಟ್ಟಣ ಮತ್ತು ಒಂದು ಸರ ಪಟಾಕಿ ಹಿಡಿದುಕೊಂಡು ಹಿತ್ತಲಿಗೆ ಓಡಿದರು.