ಗಡಿಯಾರದ ಮಾತ್ರೆ, ತಟ್ಟೆಯ ಮಾತ್ರೆ

ಎಚ್‌ಐವಿ ಚಿಕಿತ್ಸೆಗೆ ಬರುವವರಿಗೆ ಒಂದೇ ಮಾತು ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಜ್ವರ ಬರಲಿ, ಊಟ ಸೇರದಿರಲಿ, ಪ್ರಯಾಣವಿರಲಿ, ಮಾತ್ರೆ ಮಾತ್ರ ತಪ್ಪಿಸಬೇಡಿ. ಹಾಗೆ ತಪ್ಪಿಸದೆ ನುಂಗಿ, ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಪತ್ತೆಯಾಗದ ಮಟ್ಟಕ್ಕೆ ಇಳಿಸಿಕೊಂಡು ಬದುಕಿದವರಿಗೆ ಈಗ ವಯಸ್ಸಾಗುತ್ತಿದೆ, ಶುಗರ್ ಶುರುವಾಗುತ್ತಿದೆ. ಮಾತ್ರೆ ನುಂಗುವುದರಲ್ಲಿ ಪಳಗಿದ ಜನ, ಇವರಿಗೆ ಶುಗರ್ ಏನು ಮಹಾ ಅಂದುಕೊಂಡಿದ್ದೆ. ಆ ಪಳಗಿದ ಕೈಯೇ ಒಂದು ದಿನ ತೊಂದರೆ ಕೊಟ್ಟಿತು.

ಐವತ್ತು ದಾಟಿದ ಒಬ್ಬರು ಖಾಲಿ ಹೊಟ್ಟೆಯ ರಕ್ತಪರೀಕ್ಷೆಗೆ ಬಂದು ಸಾಲಿನಲ್ಲಿ ಕೂತಿದ್ದರು. ನೋಡನೋಡುತ್ತ ಅಂಗಿಯ ಬೆನ್ನು ಒದ್ದೆ, ಕೈ ನಡುಕ, ಕೇಳಿದ್ದಕ್ಕೆ ತೊದಲು ಉತ್ತರ. ಬೆರಳು ಚುಚ್ಚಿ ನೋಡಿದರೆ ಶುಗರ್ 52, ತೀರಾ ಕಡಿಮೆ. ನೀರಿಗೆ 15 ಗ್ರಾಂ ಸಕ್ಕರೆ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದಾಗ 81. ಸುಧಾರಿಸಿಕೊಂಡ ಮೇಲೆ ವಿಚಾರಿಸಿದೆ. ಬೆಳಿಗ್ಗೆ ಏನೂ ತಿಂದಿರಲಿಲ್ಲ, ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆಯನ್ನಷ್ಟೇ ನುಂಗಿದ್ದರು. “ಏನೇ ಆದ್ರೂ ಮಾತ್ರೆ ಬಿಡಬಾರ್ದು ಅಂತ ನೀವೇ ತಾನೆ ಸಿಸ್ಟರ್ ಹೇಳಿದ್ದು?”

ನಿಜ, ನಾನೇ ಹೇಳಿದ್ದು. ಯಾವ ಮಾತ್ರೆ ಅಂತ ಬಿಡಿಸಿ ಹೇಳಿರಲಿಲ್ಲ.

ಅಂದಿನಿಂದ ಪಾಠ ಬದಲಾಯಿಸಿದೆ. ಎರಡು ಡಬ್ಬಿ. ಒಂದರ ಮುಚ್ಚಳದ ಮೇಲೆ ಗಡಿಯಾರ, ಇನ್ನೊಂದರ ಮೇಲೆ ತಟ್ಟೆ ಬರೆದುಕೊಡುತ್ತೇನೆ. ಗಡಿಯಾರದ ಡಬ್ಬಿ ಎಚ್‌ಐವಿಯದು, ಅದು ಹೊತ್ತು ನೋಡುತ್ತದೆ. ತಟ್ಟೆಯದು ಶುಗರ್‌ನದು, ಅದರಲ್ಲೂ ಗ್ಲಿಮೆಪಿರೈಡ್ ಜಾತಿಯದಕ್ಕೆ ತಟ್ಟೆ ಮುಂದಿದ್ದರಷ್ಟೇ ಕೈ ಹಾಕಬೇಕು. ವಾಂತಿಭೇದಿ ಹತ್ತಿ ಮೈಯ ನೀರು ಇಂಗಿದ ದಿನ ಶುಗರ್‌ನ ಇನ್ನೊಂದು ಮಾತ್ರೆ ಮೆಟ್‌ಫಾರ್ಮಿನ್ ತಡೆಹಿಡಿದು ನಮಗೆ ಫೋನ್ ಮಾಡಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಹುಷಾರಿಲ್ಲ ಅಂತ ತಾವೇ ನಿಲ್ಲಿಸಕೂಡದು. ಹೇಳಿದ್ದನ್ನೆಲ್ಲ ಅವರ ಬಾಯಲ್ಲೇ ವಾಪಸ್ ಹೇಳಿಸುತ್ತೇನೆ. ತಲೆಯಾಡಿಸಿದ್ದನ್ನು ಒಪ್ಪಿಕೊಳ್ಳುವುದನ್ನು ಬಿಟ್ಟಿದ್ದೇನೆ.

ಅಂಕಿಗಳದ್ದು ಬೇರೆಯೇ ಕಥೆ. ವೈರಲ್ ಲೋಡ್ ಆರು ತಿಂಗಳಿಗೋ ವರ್ಷಕ್ಕೋ ಒಂದು ಸಲ. ‘ಪತ್ತೆಯಾಗಿಲ್ಲ’ ಅಂತ ಬಂದರೆ ಪಾಸು. ಶುಗರ್ ಹಾಗಲ್ಲ, ಸರಿಯಾಗಿ ನಡೆದುಕೊಂಡ ದಿನವೂ ಏರುತ್ತದೆ. ಅದಕ್ಕೇ ಕೆಲವರು ಒಳ್ಳೆಯ ಅಂಕಿಗಳನ್ನಷ್ಟೇ ಬರೆದು ತರುತ್ತಾರೆ. ಇದು ಗೊತ್ತಿದ್ದ ನಾನು ಒಬ್ಬ ಹೆಂಗಸಿನ ಪುಸ್ತಕವನ್ನು ಸುಮ್ಮನೆ ಅನುಮಾನಿಸಿದೆ. ಪುಸ್ತಕದಲ್ಲಿ ಬೆಳಗಿನ ಶುಗರ್ 170, 190. ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಮಾತ್ರ 6.3, ಶುಗರ್ ಹತೋಟಿಯಲ್ಲಿದೆ ಅನ್ನುವ ಅಂಕಿ. ಮೀಟರ್ ಕೆಟ್ಟಿದೆ ಅಂದೆ. ಬೇರೆ ಮೀಟರ್ ಕೊಟ್ಟೆ, ಅದೂ ಹಾಗೇ ತೋರಿಸಿತು. ಆಗ ನಮ್ಮ ಡಾಕ್ಟರು ಆಕೆಯ ಮಾತ್ರೆಯ ಪಟ್ಟಿ ನೋಡಿ ಅಬಕಾವಿರ್ ಅನ್ನುವ ಎಚ್‌ಐವಿ ಮಾತ್ರೆಯ ಮೇಲೆ ಬೆರಳಿಟ್ಟರು. ಎಚ್‌ಬಿಎ1ಸಿ ಅಂದರೆ ಸುಮಾರು ಮೂರು ತಿಂಗಳಲ್ಲಿ ಕೆಂಪು ರಕ್ತಕಣಗಳಿಗೆ ಅಂಟಿದ ಸಕ್ಕರೆಯ ಲೆಕ್ಕ. ಎಚ್‌ಐವಿ ಇರುವವರಲ್ಲಿ, ಅದರಲ್ಲೂ ಅಬಕಾವಿರ್ ನುಂಗುವವರಲ್ಲಿ, ಅದು ಇರುವುದಕ್ಕಿಂತ ಕಡಿಮೆ ತೋರಿಸಬಹುದು. ಜಿಡೊವುಡಿನ್ ಅನ್ನುವ ಎಚ್‌ಐವಿ ಮಾತ್ರೆಯಿಂದ ರಕ್ತಹೀನತೆ ಬಂದವರಲ್ಲೂ ಆ ಅಂಕಿಯನ್ನು ಪೂರ್ತಿ ನಂಬುವ ಹಾಗಿಲ್ಲ. ಆಕೆ ಬರೆದದ್ದೇ ಸರಿಯಾಗಿತ್ತು. ನಾನು ಕ್ಷಮೆ ಕೇಳಿದಾಗ ಆಕೆ ನಕ್ಕು, ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡರು.

ಕಾಲು ಜೋಮು ಹಿಡಿದರೆ ಎಲ್ಲದಕ್ಕೂ ಶುಗರ್ ಮೇಲೆ ಗೂಬೆ ಕೂರಿಸುವುದಿಲ್ಲ. ವೈರಸ್ಸೇ ನರಕ್ಕೆ ಪೆಟ್ಟು ಕೊಟ್ಟಿರಬಹುದು, ಎಂದೋ ನುಂಗಿದ ಹಳೆಯ ಎಚ್‌ಐವಿ ಮಾತ್ರೆ ಸ್ಟಾವುಡಿನ್ ಇರಬಹುದು, ಮೆಟ್‌ಫಾರ್ಮಿನ್‌ನಿಂದ ಬಿ12 ಇಳಿದಿರಬಹುದು. ಕಾರಣ ಯಾವುದೇ ಇರಲಿ, ಪಾದವನ್ನು ದಿನಾ ನೋಡಿಕೊಳ್ಳಲೇಬೇಕು.

ನನ್ನನ್ನು ಹೆಚ್ಚು ಕಾಡಿದ್ದು ಗುಟ್ಟಿನ ವಿಚಾರ. ಶುಗರ್ ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದಾದ ಕಾಯಿಲೆ. “ಯಾವ ಮಾತ್ರೆ ಅಂತ ಯಾರಾದ್ರೂ ಕೇಳಿದ್ರೆ ಈಗ ಹೇಳೋಕೆ ಒಂದು ಹೆಸರು ಸಿಕ್ತು” ಅಂತ ಒಬ್ಬರು ನಿರಾಳವಾಗಿ ಹೇಳಿದ್ದರು. ಅದೇ ವ್ಯಕ್ತಿ ಶುಗರ್‌ಗೆ ಬೇರೆ ಡಾಕ್ಟರ ಬಳಿ ಹೋಗುತ್ತಿದ್ದರು, ಅಲ್ಲಿ ಎಚ್‌ಐವಿ ಸುದ್ದಿ ಎತ್ತಿರಲಿಲ್ಲ. ಅಲ್ಲಿಯವರು ಮೆಟ್‌ಫಾರ್ಮಿನ್ ದಿನಕ್ಕೆ 2000 ಮಿಲಿಗ್ರಾಂಗೆ ಏರಿಸಿದ್ದರು. ಎಚ್‌ಐವಿಗೆ ಇವರು ನುಂಗುತ್ತಿದ್ದದ್ದು ಡೊಲುಟೆಗ್ರಾವಿರ್. ಮೂತ್ರಪಿಂಡದ ಮೂಲಕ ಮೆಟ್‌ಫಾರ್ಮಿನ್ ಹೊರಹೋಗುವುದನ್ನು ಅದು ಒಂದಷ್ಟು ತಡೆಯುತ್ತದೆ, ರಕ್ತದಲ್ಲಿ ಮೆಟ್‌ಫಾರ್ಮಿನ್ ಏರುತ್ತದೆ. ಹಾಗಾಗಿ ಸಾಮಾನ್ಯವಾಗಿ ದಿನಕ್ಕೆ 1000 ದಾಟಿಸುವುದಿಲ್ಲ. ಹೊಟ್ಟೆ ತೊಳಸುವುದು, ಭೇದಿ, ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟಿಕೊಂಡು ಓಡಾಡುತ್ತಿದ್ದರು ಪಾಪ.

ಯಾರಿಗೆ ಹೇಳಬೇಕು ಅನ್ನುವುದು ಅವರಿಗೆ ಬಿಟ್ಟದ್ದು, ನಾನು ಒತ್ತಾಯ ಮಾಡಲಿಲ್ಲ. ನಮ್ಮ ಡಾಕ್ಟರೇ ಫೋನ್ ಮಾಡಬಹುದು, ಇಲ್ಲವೇ ಶುಗರ್ ಚಿಕಿತ್ಸೆಯನ್ನೂ ಇಲ್ಲಿಗೇ ತರಬಹುದು ಅಂದೆ. ಎರಡೂ ಬೇಡ, ತಾನೇ ಹೇಳುತ್ತೇನೆ ಅಂದರು. ಬಾಗಿಲು ಹಾಕಿಕೊಂಡು ಕೂತೆವು. “ನಾನು ಡೊಲುಟೆಗ್ರಾವಿರ್ ತಗೊಳ್ತೀನಿ, ಅದಕ್ಕೆ ಮೆಟ್‌ಫಾರ್ಮಿನ್ ಹೊಂದುತ್ತಾ ನೋಡಿ.” ಮೊದಲ ಸಲ ಮಾತ್ರೆಯ ಹೆಸರಿಗೆ ಬರುವಷ್ಟರಲ್ಲಿ ದನಿ ಕುಸಿಯಿತು. ಮೂರನೇ ಸಲ ಸಲೀಸಾಗಿ ಬಂತು. ಮರುವಾರ ಡೋಸ್ ಇಳಿಸಿದ ಚೀಟಿ ತಂದು ನನ್ನ ಮೇಜಿನ ಮೇಲಿಟ್ಟರು.

ಸಾಲಿನಲ್ಲಿ ಬೆವೆತು ಕೂತಿದ್ದ ಹಿರಿಯರು ಈಗಲೂ ಬರುತ್ತಾರೆ. ಹೋದ ಸಲ ಅವರ ಪುಸ್ತಕ ತಿರುವಿದಾಗ, ರಕ್ತಪರೀಕ್ಷೆಯ ದಿನದ ಸಾಲು ಹೀಗಿತ್ತು: ‘ತಿಂಡಿ ಇಲ್ಲ. ತಟ್ಟೆ ಮಾತ್ರೆ ಇಲ್ಲ. ಗಡಿಯಾರದ್ದು ಆಯ್ತು.’