ಸುಗ್ಗಿಯಲ್ಲೇ ತುಂಬಿಸಿಟ್ಟ ಕಾಲೇಜು ಫೀಸು

ಮಗಳು ಮೂರನೇ ಕ್ಲಾಸಿನಲ್ಲಿ ಇದ್ದಾಗಲೇ ಅವಳ ಕಾಲೇಜು ಫೀಸು ಕಟ್ಟೋಕೆ ಶುರು ಮಾಡಿದೆವು ಅಂದರೆ ಊರಿನಲ್ಲಿ ಯಾರೂ ನಂಬಲಿಲ್ಲ. "ಯಾವ ಕಾಲೇಜು?" ಅಂದರು. ಗೊತ್ತಿಲ್ಲ. "ಯಾವ ಕೋರ್ಸು?" ಅದೂ ಗೊತ್ತಿಲ್ಲ. "ಸೀಟು ಸಿಕ್ಕೇ ಸಿಗುತ್ತೆ ಅಂತ ಬರೆದುಕೊಟ್ಟಿದ್ದಾರಾ?" ಅದೂ ಇಲ್ಲ. ಹಾಸನದಿಂದ ಫೋನಿನಲ್ಲಿ ಮಾತಾಡುತ್ತಿದ್ದ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಇದು ಚೀಟಿನೇ ಬಿಡು. ಚೀಟಿ ನಡೆಸೋನು ಓಡಿಹೋದ್ರೆ ಏನೇ ಮಾಡ್ತೀಯ?" ಅಂದಳು.

"ನಡೆಸೋದು ಸರ್ಕಾರ ಅಮ್ಮ, ಎಲ್ಲಿಗೆ ಓಡಿಹೋಗುತ್ತೆ?" ಅಂದೆ. ಧೈರ್ಯವಾಗಿ ಅಂದೆ, ಆದರೆ ಆಗಿನ್ನೂ ನನಗೂ ಪೂರ್ತಿ ನಂಬಿಕೆ ಇರಲಿಲ್ಲ.

ನಾವಿರೋದು ಫ್ಲೋರಿಡಾದ ಟ್ಯಾಂಪಾ ಹತ್ತಿರ. ಇಲ್ಲಿ ಫ್ಲೋರಿಡಾ ಪ್ರೀಪೇಯ್ಡ್ ಅಂತ ಒಂದು ಯೋಜನೆ ಇದೆ. 1987ರಲ್ಲಿ ರಾಜ್ಯ ಸರ್ಕಾರ ಕಾನೂನು ಮಾಡಿ ಶುರು ಮಾಡಿದ್ದು. ಲೆಕ್ಕ ತುಂಬ ಸರಳ. ಮಗು ಚಿಕ್ಕದಿದ್ದಾಗಲೇ ಇಂತಿಷ್ಟು ಅಂತ ಕಟ್ಟುತ್ತಾ ಹೋಗಬೇಕು. ಮಗು ದೊಡ್ಡದಾಗಿ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಸೇರಿದಾಗ ಟ್ಯೂಷನ್ ಫೀಸು (ಇಲ್ಲಿ ಟ್ಯೂಷನ್ ಅಂದರೆ ಕಾಲೇಜಿನ ಪಾಠದ ಫೀಸು) ಎಷ್ಟೇ ಏರಿರಲಿ, ಅದನ್ನು ಆ ನಿಧಿಯೇ ಕಟ್ಟುತ್ತದೆ. ನಾಲ್ಕು ವರ್ಷದ ಪ್ಲಾನ್ ಅಂದರೆ 120 ಕ್ರೆಡಿಟ್ (ಪಾಠಗಳನ್ನು ಅಳೆಯೋ ಲೆಕ್ಕ), ಅಂದರೆ ಒಂದು ಡಿಗ್ರಿಗೆ ಬೇಕಾದಷ್ಟು. ಎರಡು ವರ್ಷದ್ದು, ಒಂದೊಂದೇ ವರ್ಷದ್ದೂ ಸಿಗುತ್ತದೆ. ಮಗುವೋ ಅಪ್ಪ ಅಮ್ಮನೋ ಫ್ಲೋರಿಡಾದಲ್ಲಿ ಹನ್ನೆರಡು ತಿಂಗಳು ಇದ್ದಿರಬೇಕು. ಅದೇ ಮುಖ್ಯ ಷರತ್ತು.

ಅಮ್ಮನಿಗೆ ಅರ್ಥ ಆಗಿದ್ದು ಬೇರೆ ದಾರಿಯಲ್ಲಿ. ನಮ್ಮ ಮನೆಯಲ್ಲಿ ಸುಗ್ಗಿ ಮುಗಿಯುತ್ತಿದ್ದ ಹಾಗೆ ವರ್ಷಕ್ಕಾಗುವಷ್ಟು ರಾಗಿ, ಹುಣಸೆಹಣ್ಣು, ಒಣಮೆಣಸಿನಕಾಯಿ ಎಲ್ಲ ಕೊಂಡು ತುಂಬಿಸಿಡುತ್ತಿದ್ದಳು. ಆಷಾಢದಲ್ಲಿ ಸಂತೆಯ ರೇಟು ಏರಿದರೂ ಇಳಿದರೂ ಅವಳು ತಲೆ ಕೆಡಿಸಿಕೊಂಡವಳಲ್ಲ. "ಹುಣಸೆಹಣ್ಣು ತುಂಬಿಸಿಟ್ಟ ಹಾಗೆ ಅಮ್ಮ" ಅಂದೆ. "ಹಂಗನ್ನು ಮತ್ತೆ" ಅಂದಳು.

2013ರ ಫೆಬ್ರುವರಿ 28, ಆ ವರ್ಷ ಸೇರೋಕೆ ಕೊನೇ ದಿನ. ರಾತ್ರಿ ಊಟದ ಮೇಜಿನ ಮೇಲೆ ಸಾರಿನ ಪಾತ್ರೆಯನ್ನು ಪಕ್ಕಕ್ಕೆ ಸರಿಸಿ ನಾನೂ ನಮ್ಮನೆಯವರೂ ಲ್ಯಾಪ್‌ಟಾಪ್ ಮುಂದೆ ಕೂತೆವು. ಜಗಳಕ್ಕೇ ಕೂತೆವು ಅಂದರೂ ಸರಿ. ಅವರದು ಒಂದೇ ಮಾತು: ಇದೇ ದುಡ್ಡನ್ನು 529 ಉಳಿತಾಯ ಖಾತೆಗೆ ಹಾಕಿ ಷೇರು ಫಂಡಿನಲ್ಲಿ ಬಿಟ್ಟರೆ ಜಾಸ್ತಿ ಬೆಳೆಯುತ್ತೆ. (529 ಅನ್ನೋದು ಅಮೆರಿಕದ ತೆರಿಗೆ ಕಾನೂನಿನ ಸೆಕ್ಷನ್ ನಂಬರು. ಪ್ರೀಪೇಯ್ಡ್ ಪ್ಲಾನು, ಉಳಿತಾಯ ಖಾತೆ ಎರಡೂ ಅದರ ಕೆಳಗೇ ಬರುತ್ತವೆ. ಓದಿಗೆ ಖರ್ಚು ಮಾಡಿದರೆ ಲಾಭದ ಮೇಲೆ ಕೇಂದ್ರದ ತೆರಿಗೆ ಇಲ್ಲ.) ನನ್ನದೂ ಒಂದೇ ಮಾತು: ಬೆಳೆಯದಿದ್ದರೆ? 2008ರ ಷೇರು ಕುಸಿತದಲ್ಲಿ ನಮ್ಮ ರಿಟೈರ್‌ಮೆಂಟ್ ಖಾತೆಗೆ ಏನಾಯಿತು ಅಂತ ನೋಡಿದ್ದೆವಲ್ಲ.

ಭಯ ಪಡೋಕೆ ಕಾರಣವೂ ಇತ್ತು. 2009ರಿಂದ ಸತತವಾಗಿ ಇಲ್ಲಿನ ಹೆಚ್ಚಿನ ವಿಶ್ವವಿದ್ಯಾಲಯಗಳು ವರ್ಷಕ್ಕೆ ಶೇಕಡಾ 15ರವರೆಗೂ ಫೀಸು ಏರಿಸುತ್ತಾ ಬಂದಿದ್ದವು. ಅದೇ ವೇಗದಲ್ಲಿ ಏರಿದರೆ ಮಗಳು ಕಾಲೇಜಿಗೆ ಹೋಗೋ ಹೊತ್ತಿಗೆ ಎಷ್ಟಾಗುತ್ತೆ ಅಂತ ನಮ್ಮನೆಯವರೇ ಎಕ್ಸೆಲ್‌ನಲ್ಲಿ ಎಳೆದು ನೋಡಿದರು. ಎಳೆದವರು ಮಾತಾಡಲಿಲ್ಲ. ಹತ್ತೂವರೆಗೆ ಬಟನ್ ಒತ್ತಿದೆವು.

ಒಂದೇ ಸಲ ಕಟ್ಟಬಹುದು, 55 ಕಂತಿನಲ್ಲಿ ಮುಗಿಸಬಹುದು, ಇಲ್ಲವೇ ಮಗು ಕಾಲೇಜು ಸೇರೋವರೆಗೂ ತಿಂಗಳು ತಿಂಗಳು ಕಟ್ಟಬಹುದು. ನಾವು ಕೊನೆಯದನ್ನೇ ಆರಿಸಿದೆವು. ಕಂತು ನಮ್ಮ ಕಾರಿನ ಲೋನಿಗಿಂತ ಜಾಸ್ತಿ. ಮಗು ಎಷ್ಟು ಚಿಕ್ಕದೋ ಕಂತು ಅಷ್ಟು ಕಡಿಮೆ. ಹುಟ್ಟಿದ ವರ್ಷವೇ ಶುರು ಮಾಡಿದವರು ಆರಾಮಾಗಿರುತ್ತಾರೆ, ನಮ್ಮ ಹಾಗೆ ಎಂಟು ವರ್ಷ ತಡ ಮಾಡಿದವರು ಬೆವರಬೇಕು. ಪ್ರತಿ ತಿಂಗಳು 20ನೇ ತಾರೀಖು ಬ್ಯಾಂಕಿನಿಂದ ದುಡ್ಡು ಹೋಗೋದು. 18ಕ್ಕೇ ನನಗೆ ಕಸಿವಿಸಿ ಶುರುವಾಗುತ್ತಿತ್ತು.

ಒಂದು ವಿಷಯಕ್ಕೆ ಮಾತ್ರ ನಮ್ಮಂಥವರಿಗೆ ಇದು ಹೇಳಿ ಮಾಡಿಸಿದ ಹಾಗಿತ್ತು. ಆಗ ನಾವು ಎಚ್‌-1ಬಿ ವೀಸಾದಲ್ಲಿದ್ದೆವು. ಕೆಲಸ ಹೋದರೆ ಬೇರೆ ರಾಜ್ಯ, ಇನ್ನೂ ಕೆಟ್ಟರೆ ವಾಪಸ್ ಬೆಂಗಳೂರು. ಬೇರೆ ರಾಜ್ಯಕ್ಕೆ ಹೋದರೂ ಮಗಳಿಗೆ ಫ್ಲೋರಿಡಾದವರ ಫೀಸೇ ಅನ್ವಯಿಸುತ್ತೆ. ಅದು ಸಣ್ಣ ಮಾತಲ್ಲ. ಗೇನ್ಸ್‌ವಿಲ್‌ನ ಯೂನಿವರ್ಸಿಟಿ ಆಫ್ ಫ್ಲೋರಿಡಾದಲ್ಲಿ ರಾಜ್ಯದವರಿಗೆ ವರ್ಷಕ್ಕೆ ಟ್ಯೂಷನ್ ಮತ್ತು ಫೀಸು ಸುಮಾರು 6,380 ಡಾಲರ್, ಹೊರಗಿನವರಿಗೆ 28 ಸಾವಿರಕ್ಕೂ ಜಾಸ್ತಿ. ಬೆಂಗಳೂರಿಗೇ ಹೊರಟುಬಿಟ್ಟರೆ ಪ್ಲಾನ್ ರದ್ದು ಮಾಡಿ ಕಟ್ಟಿದ ಅಸಲು ತಗೊಂಡು ಹೋಗಬಹುದು. ಬಡ್ಡಿ ಮಾತ್ರ ಕೇಳಬಾರದು.

ಮುಂದಿನದು ನನಗೆ ಇವತ್ತಿಗೂ ನಗು ತರಿಸುತ್ತೆ. ಯಾವ ಏರಿಕೆಗೆ ಹೆದರಿ ನಾವು ಆ ರಾತ್ರಿ ಬಟನ್ ಒತ್ತಿದೆವೋ, ಆ ಏರಿಕೆ ನಾವು ಕೊಂಡ ಮೇಲೆ ನಿಂತೇಹೋಯಿತು. 2014ರಲ್ಲಿ ಗವರ್ನರ್ ರಿಕ್ ಸ್ಕಾಟ್ ಒಂದು ಕಾನೂನಿಗೆ ಸಹಿ ಹಾಕಿ, ವಿಶ್ವವಿದ್ಯಾಲಯಗಳು ಬೇಕಾದ ಹಾಗೆ ಫೀಸು ಏರಿಸೋದಕ್ಕೆ ಕಡಿವಾಣ ಹಾಕಿದರು. ಒಂದು ಕ್ರೆಡಿಟ್‌ಗೆ ಮೂಲ ಟ್ಯೂಷನ್ 2013ರಲ್ಲಿ 105.07 ಡಾಲರ್ ಇತ್ತು. ಮಗಳು ಕಾಲೇಜು ಸೇರಿದಾಗಲೂ 105.07. ಹತ್ತು ವರ್ಷದಲ್ಲಿ ಹಾಲು, ಮೊಟ್ಟೆ, ಮನೆ ಬಾಡಿಗೆ ಎಲ್ಲ ಏರಿತು, ಅದೊಂದು ಏರಲಿಲ್ಲ. ಅಂದರೆ ನಾವು ಬೆಲೆ ನೆತ್ತಿಗೇರಿದ ವರ್ಷವೇ ಕಣಜ ತುಂಬಿಸಿದ್ದೆವು.

ನಮ್ಮನೆಯವರು ಬಾಯಿಬಿಟ್ಟು ಏನೂ ಹೇಳಲಿಲ್ಲ. ಎಕ್ಸೆಲ್ ಫೈಲನ್ನು ಮಾತ್ರ ಒಮ್ಮೊಮ್ಮೆ ತೆಗೆದು ನೋಡೋರು.

ಆದರೆ 2014ರಲ್ಲೇ ಹೊಸಬರಿಗೆ ರೇಟು ಇಳಿಸಿದಾಗ ನಮ್ಮಂಥ ಹಳಬರ ಕಂತನ್ನೂ ಇಳಿಸಿದರು. ಆಮೇಲೆ 2020ರ ಜನವರಿಯಲ್ಲಿ ಒಂದು ಇಮೇಲ್ ಬಂತು. ನಿಮ್ಮ ಪ್ಲಾನಿನ ಬೆಲೆ ಕಡಿಮೆ ಮಾಡಿದ್ದೇವೆ, ಇನ್ನು ನೀವು ಕಟ್ಟಬೇಕಾಗಿಲ್ಲ, ಹೆಚ್ಚಿಗೆ ಕಟ್ಟಿರೋದನ್ನು ವಾಪಸ್ ತಗೊಳ್ಳಿ ಅಂತ. ನಾನು ಅದನ್ನು ಲಾಟರಿ ಹೊಡೆದಿದೆ ಅಂತ ಬರುವ ಮೋಸದ ಮೇಲ್‌ಗಳ ಸಾಲಿಗೆ ಸೇರಿಸಿ ಅಳಿಸಿಬಿಟ್ಟೆ! ಆಫೀಸಿನಲ್ಲಿ ಊಟದ ಹೊತ್ತಿಗೆ ಒಬ್ಬರು "ನಿಮಗೂ ಬಂತಾ?" ಅಂದಾಗಲೇ ಎದೆ ಧಸಕ್ ಅಂದಿದ್ದು. ಓಡಿಬಂದು ಟ್ರ್ಯಾಷ್ ಫೋಲ್ಡರಿನಿಂದ ಎತ್ತಿದೆ. ಆ ಸಲ ಎರಡು ಲಕ್ಷಕ್ಕೂ ಹೆಚ್ಚು ಪ್ಲಾನುಗಳ ಬೆಲೆಯನ್ನು ಒಟ್ಟು 130 ಕೋಟಿ ಡಾಲರಿನಷ್ಟು ಇಳಿಸಿದ್ದರು. ಫೀಸು ಏರುತ್ತೆ ಅಂತ ಲೆಕ್ಕ ಹಾಕಿ ನಮ್ಮಿಂದ ತಗೊಂಡಿದ್ದ ದುಡ್ಡು, ಫೀಸು ಏರದೇ ಇದ್ದಾಗ ನಮಗೇ ಬಂತು. ಹಿಂದಕ್ಕೆ ಕೊಡೋ ಚೀಟಿಯನ್ನು ಅಮ್ಮ ಅಲ್ಲಿವರೆಗೆ ಕಂಡಿರಲಿಲ್ಲ.

ಎಲ್ಲ ರಾಜ್ಯದಲ್ಲೂ ಹೀಗೇ ಅಂತ ಅಂದುಕೊಳ್ಳಬೇಡಿ. ಸಿಯಾಟಲ್‌ನಲ್ಲಿ ನಮ್ಮನೆಯವರ ಅಕ್ಕನ ಮಗ ಇದ್ದಾನೆ. ವಾಷಿಂಗ್ಟನ್ ರಾಜ್ಯದ ಜಿಇಟಿ ಅನ್ನೋ ಇಂಥದ್ದೇ ಯೋಜನೆಯಲ್ಲಿ ಯೂನಿಟ್ ಲೆಕ್ಕ. ಅವನು ಕೊಂಡಾಗ, ನೂರು ಯೂನಿಟ್ ಇದ್ದರೆ ಅಲ್ಲಿನ ಅತಿ ದುಬಾರಿ ಸರ್ಕಾರಿ ವಿಶ್ವವಿದ್ಯಾಲಯದ ಒಂದು ವರ್ಷದ ಫೀಸು. ಒಂದೊಂದು ಯೂನಿಟ್‌ಗೆ ಅವನು ಕೊಟ್ಟಿದ್ದು 172 ಡಾಲರ್. 2015ರಲ್ಲಿ ಅಲ್ಲಿನ ಶಾಸನಸಭೆ ಫೀಸನ್ನೇ ಕಡಿತ ಮಾಡಿತು. ಮಕ್ಕಳಿರೋ ಮನೆಗಳಿಗೆಲ್ಲ ಹಬ್ಬ, ಇವನಿಗೆ ಮಾತ್ರ ತಲೆನೋವು. ಒಂದು ಯೂನಿಟ್ಟಿಗೆ ವಾಪಸ್ ಕೊಡೋ ಬೆಲೆಯನ್ನು 117.82 ಡಾಲರಿಗೆ ನಿಲ್ಲಿಸಿ, ಎರಡು ವರ್ಷ ಹೊಸ ಮಾರಾಟವನ್ನೇ ಬಂದ್ ಮಾಡಿದರು. ಅಲಬಾಮಾದ್ದು ಇನ್ನೂ ಕಷ್ಟದ ಕಥೆ. 2008ರ ಷೇರು ಕುಸಿತದಲ್ಲಿ ಆ ನಿಧಿಯೇ ಕರಗಿ, ಕೊನೆಗೆ 2010ರ ಫೀಸಿನಷ್ಟು ಮಾತ್ರ ಕೊಡುತ್ತೇವೆ, ಮೇಲಿನದು ನೀವೇ ಹೊಂದಿಸಿಕೊಳ್ಳಿ ಅನ್ನೋ ಸ್ಥಿತಿಗೆ ಬಂತು. ಅಮ್ಮ ಕೇಳಿದ್ದ ಪ್ರಶ್ನೆ ಅಷ್ಟೊಂದು ದಡ್ಡ ಪ್ರಶ್ನೆ ಆಗಿರಲಿಲ್ಲ, ಅಲ್ವಾ? ಫ್ಲೋರಿಡಾದಲ್ಲಿ ನಿಧಿಗೆ ದುಡ್ಡು ಸಾಲದಿದ್ದರೆ ರಾಜ್ಯವೇ ತುಂಬಿಕೊಡಬೇಕು ಅಂತ ಕಾನೂನಿನಲ್ಲೇ ಇದೆ. ಯಾವ ರಾಜ್ಯದಲ್ಲಿದ್ದರೂ ಆ ಸಾಲು ಇದೆಯಾ ಅಂತ ಹುಡುಕಿ ಆಮೇಲೆ ಸಹಿ ಹಾಕಿ. ನಾನು ಸಹಿ ಹಾಕಿದ ಮೇಲೆ ಹುಡುಕಿದವಳು.

2022ರ ಆಗಸ್ಟ್‌ನಲ್ಲಿ ಮಗಳು ರಾಜ್ಯದ ಒಂದು ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಸೇರಿದಳು. ಹಾಸ್ಟೆಲ್ ರೂಮಿಗೆ ಹೊದಿಕೆ, ಕುಕ್ಕರು, ಎರಡು ಕೇಜಿ ಚಟ್ನಿಪುಡಿ ಸಾಗಿಸಿ ಮನೆಗೆ ಬಂದು ಕೂತಿದ್ದೆವು. ಫೋನ್ ಬಂತು. "ಅಮ್ಮಾ, ಫೀಸು ಕಟ್ಟಿಲ್ಲ ಅಂತ ತೋರಿಸ್ತಿದೆ. ಶುಕ್ರವಾರ ಕೊನೇ ದಿನ." ಒಂಬತ್ತು ವರ್ಷದಿಂದ ತುಂಬಿಸಿಟ್ಟ ಕಣಜದ ಬಾಗಿಲೇ ತೆರೆಯುತ್ತಿಲ್ಲ!

ತಪ್ಪು ನನ್ನದೇ. ಆ ಫೆಬ್ರುವರಿ ರಾತ್ರಿ ಅರ್ಜಿ ತುಂಬುವಾಗ ಮಗಳ ಸೋಶಿಯಲ್ ಸೆಕ್ಯೂರಿಟಿ ನಂಬರಿನಲ್ಲಿ (ಇಲ್ಲಿನ ಗುರುತಿನ ನಂಬರು) ಎರಡು ಅಂಕಿ ಹಿಂದುಮುಂದಾಗಿದ್ದವು. ಹೆಸರೂ ಹಾಗೇ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಸರ್‌ನೇಮ್, ನಾನು ಅರ್ಜಿಯಲ್ಲಿ ಊರಿನ ಹೆಸರು ಹಾಕಿದ್ದೆ. ಹೀಗಾಗಿ ವಿಶ್ವವಿದ್ಯಾಲಯದ ದಾಖಲೆಯ ಹುಡುಗಿ ಒಬ್ಬಳು, ಪ್ಲಾನಿನ ಹುಡುಗಿ ಇನ್ನೊಬ್ಬಳು. ಕಾರ್ಡಿನ ಪ್ರತಿ ಕಳಿಸಿ, ಫೋನಿನಲ್ಲಿ ಐವತ್ತು ನಿಮಿಷ ಕಾದು, ಗುರುವಾರ ಸಂಜೆಗೆ ಸರಿಹೋಯಿತು. ವರ್ಷಕ್ಕೊಮ್ಮೆ ಬರೋ ಸ್ಟೇಟ್‌ಮೆಂಟಿನಲ್ಲಿ ಕಟ್ಟಿದ ಮೊತ್ತವನ್ನಷ್ಟೇ ನೋಡುತ್ತಿದ್ದೆ, ಮೇಲಿನ ಹೆಸರನ್ನು ನೋಡಿರಲಿಲ್ಲ. ನಮ್ಮ ಕಡೆಯ ಹೆಸರು, ಇನಿಷಿಯಲ್ಲುಗಳ ಗೋಜಲು ಗೊತ್ತಲ್ಲ. ಮೊದಲ ಸ್ಟೇಟ್‌ಮೆಂಟ್ ಬಂದ ದಿನವೇ ಪಾಸ್‌ಪೋರ್ಟ್ ಪಕ್ಕ ಇಟ್ಟು ಓದಿಕೊಳ್ಳಿ.

ಇನ್ನೊಂದು ಗಮ್ಮತ್ತು. ಮಗಳಿಗೆ ರಾಜ್ಯದ ಬ್ರೈಟ್ ಫ್ಯೂಚರ್ಸ್ ಸ್ಕಾಲರ್‌ಶಿಪ್ ಕೂಡ ಬಂತು. ಒಳ್ಳೆ ಅಂಕ, ಎಸ್‌ಎಟಿ (ಕಾಲೇಜು ಪ್ರವೇಶದ ಪರೀಕ್ಷೆ) ಸ್ಕೋರು, 100 ಗಂಟೆ ಸಮಾಜಸೇವೆ ಇದ್ದರೆ ಅದರ ಮೇಲಿನ ದರ್ಜೆಯಲ್ಲಿ ಟ್ಯೂಷನ್ ಪೂರ್ತಿ ಸಿಗುತ್ತೆ. ಆ ದುಡ್ಡು ಎಲ್ಲಿಂದ ಗೊತ್ತಾ? ಫ್ಲೋರಿಡಾ ಲಾಟರಿಯಿಂದ. ಲಾಟರಿ ಅಂತ ಇಮೇಲ್ ಅಳಿಸಿದ್ದ ನನಗೆ ಕೊನೆಗೂ ಲಾಟರಿ ದುಡ್ಡೇ ಮನೆಗೆ ಬಂತು. ಫೀಸನ್ನು ಪ್ರೀಪೇಯ್ಡ್ ಕಟ್ಟಿತು, ಸ್ಕಾಲರ್‌ಶಿಪ್ಪಿನ ದುಡ್ಡು ಮಗಳ ಖಾತೆಗೆ ಬಂದು ಹಾಸ್ಟೆಲ್ಲಿಗೂ ಊಟಕ್ಕೂ ಆಯಿತು. ನಿಜ ಹೇಳಬೇಕೆಂದರೆ ಅದೇ ದೊಡ್ಡ ಖರ್ಚು. ಇಲ್ಲಿ ಟ್ಯೂಷನ್ ಅನ್ನೋದು ಒಟ್ಟು ಖರ್ಚಿನ ಮೂರನೇ ಒಂದು ಭಾಗವೂ ಅಲ್ಲ. ರೂಮು, ಊಟ, ಪುಸ್ತಕ, ಓಡಾಟ ಇವೆಲ್ಲ ಪ್ರೀಪೇಯ್ಡ್ ಪ್ಲಾನಿನ ಹೊರಗೇ ಉಳಿಯುತ್ತವೆ. ಇದನ್ನು ಯಾರೂ ನನಗೆ ಮೊದಲೇ ಬಿಡಿಸಿ ಹೇಳಿರಲಿಲ್ಲ. ಸ್ಕಾಲರ್‌ಶಿಪ್ ಬರದಿದ್ದರೆ ಫೀಸಿನ ಚಿಂತೆ ಇಲ್ಲದೆಯೂ ಸಾಲ ಮಾಡಬೇಕಾಗುತ್ತಿತ್ತು.

ಹಾಗಾಗಿ ಚಿಕ್ಕವನಿಗೆ ಬೇರೆ ಥರ ಮಾಡಿದೆವು. ಅವನು ಹುಟ್ಟಿದ್ದು 2015ರಲ್ಲಿ. ಅವನಿಗೆ ಎರಡು ವರ್ಷದ ಪ್ಲಾನ್ ಮಾತ್ರ ಕೊಂಡು, ಮಿಕ್ಕಿದ್ದನ್ನು 529 ಉಳಿತಾಯ ಖಾತೆಗೆ ಹಾಕುತ್ತಿದ್ದೇವೆ. ಆ ಖಾತೆಯ ದುಡ್ಡನ್ನು ಹಾಸ್ಟೆಲ್ಲಿಗೂ ಬಳಸಬಹುದು. ಅರ್ಧ ನನ್ನ ಹಟ, ಅರ್ಧ ಅವರ ಹಟ. ಲಾಭದ ಲೆಕ್ಕದಲ್ಲಿ ಷೇರು ಫಂಡೇ ಮುಂದೆ ಇದೆ, ಒಪ್ಪುತ್ತೇನೆ. ಆದರೆ 2020ರ ಮಾರ್ಚ್‌ನಲ್ಲಿ ಷೇರುಪೇಟೆ ಕುಸಿದ ವಾರ ನಮ್ಮನೆಯವರು ಚಿಕ್ಕವನ ಖಾತೆಯನ್ನು ದಿನಕ್ಕೆ ನಾಲ್ಕು ಸಲ ತೆಗೆದು ನೋಡುತ್ತಿದ್ದರು. ದೊಡ್ಡವಳದನ್ನು ಒಂದು ಸಲವೂ ತೆಗೆಯಲಿಲ್ಲ.

ಮಗಳು ಹೈಸ್ಕೂಲಿನಲ್ಲೇ ಎಪಿ ಅನ್ನೋ ಕಾಲೇಜು ಮಟ್ಟದ ಪರೀಕ್ಷೆ ಬರೆದು ಕ್ರೆಡಿಟ್ ಗಳಿಸಿದ್ದರಿಂದ ಮೂರೇ ವರ್ಷಕ್ಕೆ, 2025ರ ಮೇ ತಿಂಗಳಲ್ಲಿ ಡಿಗ್ರಿ ಮುಗಿಸಿದಳು. ಪ್ಲಾನಿನಲ್ಲಿ ಇನ್ನೂ ಸುಮಾರು 30 ಕ್ರೆಡಿಟ್ ಮಿಕ್ಕಿವೆ. ಅವನ್ನು ಅವಳು ಮುಂದೆ ಮಾಸ್ಟರ್ಸ್‌ಗೆ ಬಳಸಬಹುದು, ಇಲ್ಲವೇ ತಮ್ಮನ ಹೆಸರಿಗೆ ಬರೆಯಬಹುದು. "ನಾನು ಓದಿ ಉಳಿಸಿದ್ದು, ನನ್ನದು" ಅನ್ನುತ್ತಾಳೆ ಅವಳು. "ನೀನು ಆಗಲೇ ಪಾಸಾಗಿದ್ದೀಯಲ್ಲ ಅಕ್ಕ, ನಿನಗ್ಯಾಕೆ?" ಅನ್ನುತ್ತಾನೆ ಇವನು. ವರ್ಗಾವಣೆ ಫಾರಂ ಫ್ರಿಡ್ಜ್ ಬಾಗಿಲಿಗೆ ಮ್ಯಾಗ್ನೆಟ್ ಹಾಕಿ ಅಂಟಿಸಿದ್ದೇನೆ. ಸಹಿ ಇನ್ನೂ ಹಾಕಿಲ್ಲ.